ಕ್ರೂಸ್ ಹಡಗಿನ ಬಫೆ ಹೇಗಿರುತ್ತದೆ? ಮೊದಲ ಸಲ ಹೋಗುತ್ತಿದ್ದೇವೆ

ಮೊದಲಸಲದವಳು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳ ಕೊನೆಗೆ ಏಳು ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ನಾನು, ನಮ್ಮವರು, ಎಂಟು ವರ್ಷದ ಮಗ, ಜೊತೆಗೆ ಅತ್ತೆ. ನಾಲ್ಕೂ ಜನ ಹಡಗು ಹತ್ತುತ್ತಿರುವುದು ಇದೇ ಮೊದಲು. ಬುಕ್ ಮಾಡುವಾಗ ಏಜೆಂಟ್ "ಊಟದ ಚಿಂತೆ ಬಿಡಿ, ಬಫೆ ಇದೆ, ಎಷ್ಟು ಬೇಕಾದರೂ ತಿನ್ನಿ" ಎಂದು ಹೇಳಿ ಕೈ ತೊಳೆದುಕೊಂಡರು. ನನಗೆ ಗೊತ್ತಿರುವ ಬಫೆ ಎಂದರೆ ಉದ್ದದ ಸಾಲು, ಮುಂದಿರುವವರ ಬೆನ್ನು, ನಮ್ಮ ಸರದಿ ಬರುವ ಹೊತ್ತಿಗೆ ಖಾಲಿ ಪಾತ್ರೆ.

ಅಷ್ಟೊಂದು ಸಾವಿರ ಜನ ಒಂದೇ ಕಡೆ ಊಟಕ್ಕೆ ಬಂದರೆ ಕೂರಲು ಜಾಗ ಸಿಗುತ್ತದಾ? ಯಾವುದು ಟಿಕೆಟ್‌ನಲ್ಲೇ ಸೇರಿದೆ, ಯಾವುದಕ್ಕೆ ಮತ್ತೆ ದುಡ್ಡು ಕೊಡಬೇಕು? ಅತ್ತೆ ಕೋಲು ಹಿಡಿದು ನಡೆಯುತ್ತಾರೆ, ಮಾಂಸ ಮೊಟ್ಟೆ ಮುಟ್ಟುವುದಿಲ್ಲ. ಮಗನಿಗೆ ಕಡಲೆಕಾಯಿ ಆಗುವುದಿಲ್ಲ, ಮೈಯೆಲ್ಲ ದದ್ದು ಏಳುತ್ತದೆ. ಹಡಗಿನ ಬಫೆಯಲ್ಲಿ ತಿಂದು ನೂರಾರು ಜನರ ಹೊಟ್ಟೆ ಕೆಟ್ಟ ಸುದ್ದಿ ಬೇರೆ ಓದಿದೆ, ಓದಬಾರದಿತ್ತು. ಹೋಗಿ ಬಂದವರು ಇದ್ದದ್ದು ಇದ್ದ ಹಾಗೆ ಹೇಳಿ.

ಲಿಡೋವಾಸಿ:

ಆರು ಸಲ ಹೋಗಿದ್ದೇನೆ, ಆರೂ ಸಲ ಪ್ಯಾಂಟಿನ ಗುಂಡಿ ಹಾಕಲಾಗದೆ ಇಳಿದಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನನ್ನ ಮಾತು ನಂಬಬಹುದು.

ಖಾಲಿ ಪಾತ್ರೆಯ ಭಯ ಮೊದಲು ಬಿಡಿ. ಹಡಗಿನ ಬಫೆಯಲ್ಲಿ ಪಾತ್ರೆ ತಳ ಕಾಣುವ ಮೊದಲೇ ಒಳಗಿನಿಂದ ಇನ್ನೊಂದು ಬಂದಿರುತ್ತದೆ. ಇದು ಗೊತ್ತಿಲ್ಲದೆ ಮೊದಲ ದಿನ ಎಲ್ಲರೂ ಕಂಡದ್ದನ್ನೆಲ್ಲ ಒಂದೇ ತಟ್ಟೆಗೆ ಪೇರಿಸುತ್ತಾರೆ, ಸಲಾಡ್ ಪಕ್ಕ ಕೇಕು, ಕೇಕಿನ ಮೇಲೆ ಸಾಸು, ಕೊನೆಗೆ ಯಾವುದರ ರುಚಿಯೂ ಗೊತ್ತಾಗುವುದಿಲ್ಲ. ನಾನೂ ಮಾಡಿದ್ದೇನೆ. ಈಗ ತಟ್ಟೆ ಮುಟ್ಟುವ ಮೊದಲು ಸುಮ್ನೆ ಒಂದು ಸುತ್ತು ಬರುತ್ತೇನೆ. ಎಲ್ಲಿ ಏನಿದೆ ನೋಡಿಕೊಂಡು ಆಮೇಲೆ ಕೈ ಹಾಕುತ್ತೇನೆ.

ಇನ್ನೊಂದು, ಹೆಚ್ಚಿನ ಹೊಸ ಹಡಗುಗಳಲ್ಲಿ ಒಂದೇ ಉದ್ದದ ಸಾಲು ಇರುವುದಿಲ್ಲ. ಬೇರೆ ಬೇರೆ ಕೌಂಟರ್‌ಗಳು ದ್ವೀಪಗಳ ಥರ ಬಿಡಿಬಿಡಿಯಾಗಿ ಇರುತ್ತವೆ. ಬ್ರೆಡ್ಡಿಗೆ ಒಂದು, ಸಲಾಡಿಗೆ ಒಂದು, ಪಾಸ್ತಾಗೆ ಒಂದು, ಹಣ್ಣಿಗೆ ಒಂದು. ನಿಮಗೆ ಬೇಕಾದಲ್ಲಿಗೆ ನೇರ ಹೋಗಬಹುದು. ಬಾಗಿಲ ಹತ್ತಿರದ ಮೊದಲ ಕೌಂಟರ್‌ನಲ್ಲಿ ಜನ ಸಾಲುಗಟ್ಟಿ ನಿಂತಿರುತ್ತಾರೆ, ಅದೇ ತಿಂಡಿ ಇನ್ನೊಂದು ಬದಿಯಲ್ಲಿ ಅಥವಾ ಒಳಗಡೆ ಜನರಿಲ್ಲದೆ ಖಾಲಿ ಹೊಡೆಯುತ್ತಿರುತ್ತದೆ. ಬಹಳಷ್ಟು ಹಡಗುಗಳಲ್ಲಿ ಎಡಬಲ ಎರಡೂ ಕಡೆ ಒಂದೇ ಥರದ್ದು ಇಟ್ಟಿರುತ್ತಾರೆ. ಆಮ್ಲೆಟ್ ಮಾಡಿಕೊಡುವ ಕಡೆ ಮಾತ್ರ ಸಾಲು ತಪ್ಪುವುದಿಲ್ಲ.

ಬಫೆ ಸಾಮಾನ್ಯವಾಗಿ ಮೇಲಿನ ಡೆಕ್‌ನಲ್ಲಿ ಈಜುಕೊಳದ ಹತ್ತಿರ ಇರುತ್ತದೆ. ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು. ರಾಯಲ್ ಕೆರಿಬಿಯನ್‌ನವರು ವಿಂಡ್‌ಜಾಮರ್ ಎನ್ನುತ್ತಾರೆ, ನಾರ್ವೀಜಿಯನ್‌ನವರು ಗಾರ್ಡನ್ ಕೆಫೆ, ಸೆಲೆಬ್ರಿಟಿಯವರು ಓಷನ್‌ವ್ಯೂ ಕೆಫೆ. ಹಡಗಿನ ನಕ್ಷೆಯಲ್ಲಿ "ಬಫೆ" ಎಂದು ಹುಡುಕಿದರೆ ಸಿಗದೇ ಇರಬಹುದು, ಅದಕ್ಕೇ ಹೇಳಿದೆ.

ಜಾಗದ ವಿಷಯ. ನೂಕುನುಗ್ಗಲು ಇರುತ್ತದೆ, ಆದರೆ ಇಡೀ ದಿನ ಅಲ್ಲ. ಮೂರು ಹೊತ್ತು ನೆನಪಿಡಿ. ಒಂದು, ಹಡಗು ಹತ್ತಿದ ದಿನದ ಮಧ್ಯಾಹ್ನ. ರೂಮು ಇನ್ನೂ ಸಿದ್ಧ ಆಗಿರುವುದಿಲ್ಲ, ಎಲ್ಲರೂ ಕೈಚೀಲ ಹಿಡಿದುಕೊಂಡು ನೇರ ಬಫೆಗೇ ನುಗ್ಗುತ್ತಾರೆ. ಎರಡು, ಎಲ್ಲೂ ದಡಕ್ಕೆ ಹೋಗದ ಸಮುದ್ರದ ದಿನ, ಬೆಳಗ್ಗೆ ಒಂಬತ್ತರಿಂದ ಹತ್ತೂವರೆ. ಮೂರು, ಇಳಿಯುವ ದಿನದ ಬೆಳಗ್ಗೆ, ಅದಂತೂ ಕೇಳಬೇಡಿ. ಈ ಮೂರು ಬಿಟ್ಟರೆ ಹೇಗಾದರೂ ಜಾಗ ಸಿಗುತ್ತದೆ. ಹಿಂಭಾಗದಲ್ಲಿ ಹೊರಗೆ ಕೂರುವ ಜಾಗ ಇದ್ದರೆ ಅಲ್ಲಿಗೆ ಹೋಗಿ. ಹಡಗು ಬಿಟ್ಟು ಬಂದ ನೀರಿನ ಬಿಳಿ ಗೆರೆ ನೋಡುತ್ತಾ ಕಾಫಿ ಕುಡಿಯುವುದಿದೆಯಲ್ಲ, ನಾನು ಮತ್ತೆ ಮತ್ತೆ ಹೋಗುವುದೇ ಅದಕ್ಕೆ.

ದುಡ್ಡು: ಬಫೆಯ ಊಟವೆಲ್ಲ ಟಿಕೆಟ್‌ನಲ್ಲೇ ಸೇರಿದೆ. ನೀರು, ಸಾದಾ ಕಾಫಿ, ಟೀ, ಬೆಳಗ್ಗೆ ಜ್ಯೂಸ್ ಕೂಡ ಸಾಮಾನ್ಯವಾಗಿ ಸೇರಿರುತ್ತವೆ. ಕೋಲಾ, ಸೋಡಾ, ಮದ್ಯ, ಯಂತ್ರದಲ್ಲಿ ನೊರೆ ಹಾಕಿ ಕೊಡುವ ಕಾಫಿ, ಇವಕ್ಕೆ ಹೆಚ್ಚಿನ ಕಡೆ ಬೇರೆ ಲೆಕ್ಕ. ದುಡ್ಡು ಕೈಯಲ್ಲಿ ಕೇಳುವುದಿಲ್ಲ, ನಿಮ್ಮ ರೂಮಿನ ಕಾರ್ಡ್ ಉಜ್ಜುತ್ತಾರೆ. ಅದಕ್ಕೇ ಖರ್ಚಾಗಿದ್ದು ಗೊತ್ತೇ ಆಗುವುದಿಲ್ಲ. ಮಗನಿಗೂ ಒಂದು ಕಾರ್ಡ್ ಕೊಡುತ್ತಾರೆ, ಅದರಲ್ಲಿ ಖರ್ಚು ಆಗದಂತೆ ಮೊದಲ ದಿನವೇ ಹಡಗಿನ ರಿಸೆಪ್ಷನ್ ಕೌಂಟರ್‌ನಲ್ಲಿ ಹೇಳಿಬಿಡಿ.

ಕೂತು ತಿನ್ನುವವ:

ನಾನು ಬಫೆ ವಿರೋಧಿ, ಮೊದಲೇ ಹೇಳಿಬಿಡುತ್ತೇನೆ. ರಜೆಗೆ ಹೋಗಿ ತಟ್ಟೆ ಹಿಡಿದುಕೊಂಡು ಜಾಗ ಹುಡುಕುತ್ತಾ ಅಲೆಯುವುದು ನನಗೆ ಆಗುವುದಿಲ್ಲ. ದೊಡ್ಡ ಹಡಗುಗಳಲ್ಲಿ ಮುಖ್ಯ ಡೈನಿಂಗ್ ರೂಂ ಇರುತ್ತದೆ, ಅದೂ ಟಿಕೆಟ್‌ನಲ್ಲೇ ಸೇರಿದೆ. ಕೂರಿ, ಅವರೇ ತಂದುಕೊಡುತ್ತಾರೆ. ಬಫೆ ಒಂದೇ ಉಚಿತ ಎಂದುಕೊಂಡು ಏಳು ದಿನವೂ ಅಲ್ಲೇ ತಿಂದು ಬಂದವರನ್ನು ನೋಡಿದ್ದೇನೆ. ಅತ್ತೆಯವರು ಜೊತೆಗಿದ್ದಾರೆ ಅಂದರೆ ರಾತ್ರಿ ಊಟಕ್ಕೆ ಡೈನಿಂಗ್ ರೂಮೇ ಸರಿ, ಯೋಚನೆಯೇ ಬೇಡ. ಹತ್ತಿದ ದಿನದ ಮಧ್ಯಾಹ್ನವೂ ಎಷ್ಟೋ ಹಡಗಿನಲ್ಲಿ ಅದು ತೆರೆದಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ. ಮೇಲೆ ಲಿಡೋವಾಸಿಯವರು ಕೈಚೀಲ ಹಿಡಿದು ಜಾಗ ಹುಡುಕುತ್ತಿರುವಾಗ ನಾನು ಕೆಳಗೆ ಸೂಪ್ ಕುಡಿಯುತ್ತಿರುತ್ತೇನೆ.

ಲಿಡೋವಾಸಿ:

@ಕೂತು ತಿನ್ನುವವ, ನೀವು ಸೂಪ್ ಮುಗಿಸಿ ಮುಂದಿನದಕ್ಕೆ ಕಾಯುತ್ತಿರುವಾಗ ನಾನು ಎರಡನೇ ಸಲ ಐಸ್‌ಕ್ರೀಂ ಹಾಕಿಸಿಕೊಂಡಿರುತ್ತೇನೆ. ಎಂಟು ವರ್ಷದ ಹುಡುಗನನ್ನು ಒಂದೂವರೆ ಗಂಟೆ ಕೂರಿಸಿ ನೋಡಿ, ಆಮೇಲೆ ಮಾತಾಡೋಣ.

ತಟ್ಟೆ ತೊಳೆದವ:

ನಾನು ಹಡಗಿನ ಅಡುಗೆಮನೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು. ಶುರು ಮಾಡಿದ್ದು ಪಾತ್ರೆ ತೊಳೆಯುವ ಕಡೆ, ಬಿಟ್ಟಾಗ ಬಫೆಯಲ್ಲಿ ಬಡಿಸುತ್ತಿದ್ದೆ. ಹೊಟ್ಟೆ ಕೆಡುವ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ.

ನೀವು ಓದಿದ ಸುದ್ದಿ ಬಹುಶಃ ನೊರೊವೈರಸ್‌ದು. ಅದು ದಡದಲ್ಲೂ ಇದೆ. ಹಡಗಿನಲ್ಲಿ ಜನ ಒತ್ತೊತ್ತಾಗಿ ಇರುವುದರಿಂದ ಬೇಗ ಹರಡುತ್ತದೆ, ಲೆಕ್ಕವನ್ನೂ ಇಡುವುದರಿಂದ ಸುದ್ದಿಯಾಗುತ್ತದೆ. ಸಾಮಾನ್ಯವಾಗಿ ಅದು ಅಡುಗೆಮನೆಯಲ್ಲಿ ಹುಟ್ಟುವುದಿಲ್ಲ, ಹತ್ತುವ ಜನರ ಜೊತೆಯಲ್ಲೇ ಬರುತ್ತದೆ. ತಗುಲಿದ ಮೇಲೆ 12ರಿಂದ 48 ಗಂಟೆಯಲ್ಲಿ ವಾಂತಿ ಭೇದಿ ಶುರುವಾಗುತ್ತದೆ. ಒಬ್ಬರ ಕೈಯಿಂದ ಇಕ್ಕಳಕ್ಕೆ, ಇಕ್ಕಳದಿಂದ ಇನ್ನೊಬ್ಬರ ಕೈಗೆ, ಆ ಕೈ ಬ್ರೆಡ್ಡಿಗೆ, ಬ್ರೆಡ್ಡು ಬಾಯಿಗೆ. ಇಷ್ಟೇ ದಾರಿ. ಅದಕ್ಕೇ ಬಾಗಿಲಲ್ಲಿ ನಿಂತು ಕೈ ತೊಳೆಯಿರಿ ಎಂದು ಹೇಳಲು ಒಬ್ಬರನ್ನು ಇಟ್ಟಿರುತ್ತಾರೆ. ಕೆಲವು ಹಡಗುಗಳಲ್ಲಿ "ವಾಶಿ ವಾಶಿ" ಎಂದು ಹಾಡು ಬೇರೆ ಹೇಳುತ್ತಾರೆ. ಮೊದಲ ದಿನ ನಗು ಬರುತ್ತದೆ, ಮೂರನೇ ದಿನ ತಲೆನೋವು, ಆದರೆ ಆ ಕೆಲಸ ಬೇಕಾದದ್ದೇ. ಗೊತ್ತಿರಲಿ, ಆಲ್ಕೋಹಾಲ್ ಜೆಲ್‌ಗೆ ಈ ವೈರಸ್ ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು, 20 ಸೆಕೆಂಡು. ಜೆಲ್ ಹಚ್ಚಿಕೊಂಡು ಕೈ ತೊಳೆದೆ ಎಂದುಕೊಳ್ಳಬೇಡಿ. ಬಡಿಸಿಕೊಂಡು ಬಂದು ತಿನ್ನಲು ಕೂರುವ ಮೊದಲು ಇನ್ನೊಮ್ಮೆ ತೊಳೆದರೆ ಇನ್ನೂ ಒಳ್ಳೆಯದು, ಯಾಕೆಂದರೆ ಇಕ್ಕಳ ಮುಟ್ಟಿದ್ದು ಮೊದಲ ಸಲ ತೊಳೆದ ಮೇಲೆ.

ಅಡುಗೆಮನೆ ಕಡೆ ಎಷ್ಟು ಬಿಗಿ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅಮೆರಿಕದ ಬಂದರುಗಳಿಗೆ ಹೊರದೇಶದಿಂದ ಬಂದು ಹೋಗುವ ಹಡಗುಗಳನ್ನು ಅಲ್ಲಿನ ಸಿಡಿಸಿ ಎಂಬ ಸರ್ಕಾರಿ ಆರೋಗ್ಯ ಸಂಸ್ಥೆಯವರು ಹೇಳದೆ ಕೇಳದೆ ಬಂದು ತಪಾಸಣೆ ಮಾಡುತ್ತಾರೆ. 100ಕ್ಕೆ ಅಂಕ. 86 ಬಂದರೆ ಪಾಸು, 85 ಬಂದರೆ ಫೇಲು. ಆ ಅಂಕಗಳು ಎಲ್ಲರಿಗೂ ಕಾಣುವ ಹಾಗೆ ಇಂಟರ್‌ನೆಟ್‌ನಲ್ಲಿ ಇರುತ್ತವೆ, ನಿಮ್ಮ ಹಡಗು ಆ ಕಡೆ ಹೋಗುವುದಾದರೆ ಹುಡುಕಿ ನೋಡಬಹುದು. ತಪಾಸಣೆಯವರು ಹತ್ತಿದರು ಎಂಬ ಸುದ್ದಿ ಬಂದರೆ ಸಾಕು, ನಮ್ಮ ಕೆಳಗಿನ ಡೆಕ್‌ನಲ್ಲಿ ಯಾರೂ ಉಸಿರು ಬಿಡುತ್ತಿರಲಿಲ್ಲ. ಬಿಸಿ ಇರಬೇಕಾದ್ದು 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು, ತಣ್ಣಗೆ ಇರಬೇಕಾದ್ದು 5 ಡಿಗ್ರಿ ದಾಟಬಾರದು. ಹಾಗೆ ಕಾಯಿಸಿ ಅಥವಾ ತಣ್ಣಗಿಟ್ಟು ಇಡಲಾಗದ ತಿಂಡಿಗೆ ಗಡಿಯಾರದ ಲೆಕ್ಕ. ಹೊರಗಿಟ್ಟು ನಾಲ್ಕು ಗಂಟೆ ಆಯಿತೋ, ಎಷ್ಟು ಚೆನ್ನಾಗಿದ್ದರೂ ಎಸೆಯಬೇಕು.

ನಿಮ್ಮ ಕೈಯಲ್ಲಿರುವುದು ಒಂದೇ ಕೆಲಸ. ಎರಡನೇ ಸಲ ಹೋಗುವಾಗ ಎಂಜಲು ತಟ್ಟೆ ತೆಗೆದುಕೊಂಡು ಹೋಗಬೇಡಿ, ಹೊಸದು ತೆಗೆದುಕೊಳ್ಳಿ. ಬಡಿಸುವ ಚಮಚ ನಿಮ್ಮ ಎಂಜಲಿಗೆ ತಾಗಿ ವಾಪಸ್ ಪಾತ್ರೆಗೆ ಹೋಗುತ್ತದೆ. ಕೆಲವರು ನೀರು ಉಳಿಸುತ್ತೇವೆ, ತೊಳೆಯುವವರಿಗೆ ಕಷ್ಟ ಕೊಡುವುದಿಲ್ಲ ಎಂದು ಅದೇ ತಟ್ಟೆ ಹಿಡಿದು ಬರುತ್ತಿದ್ದರು. ತೊಳೆಯುತ್ತಿದ್ದವನೇ ಹೇಳುತ್ತಿದ್ದೇನೆ, ಆ ಉಪಕಾರ ಬೇಡ. ಕುಡಿದ ಬಾಟಲಿಯ ಬಾಯಿಯನ್ನು ನೀರಿನ ನಲ್ಲಿಗೆ ತಾಗಿಸಿ ತುಂಬಿಸುವುದೂ ಅಷ್ಟೇ, ಬೇಡ.

ಆಮೇಲೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಮುಚ್ಚಿಡಬೇಡಿ. ಹಡಗಿನ ಡಾಕ್ಟರಿಗೆ ಹೇಳಿದರೆ ರೂಮಿನಲ್ಲೇ ಇರಲು ಹೇಳುತ್ತಾರೆ, ಊಟ ಅಲ್ಲಿಗೇ ಬರುತ್ತದೆ. ರಜೆ ಹಾಳಾಗುತ್ತದೆ ಎಂದು ಮಾತ್ರೆ ನುಂಗಿ ಬಫೆಗೆ ಬರುವವರಿಂದಲೇ ಉಳಿದವರಿಗೆ ಹಬ್ಬುವುದು.

ಮೊದಲಸಲದವಳು:

ಇಷ್ಟೊಂದು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಎಂಜಲು ತಟ್ಟೆಯ ವಿಷಯ ಅತ್ತೆಗೆ ಓದಿ ಹೇಳಿದೆ. "ಇದನ್ನು ನಾನು ನಲವತ್ತು ವರ್ಷದಿಂದ ಹೇಳುತ್ತಿದ್ದೇನೆ" ಎಂದರು.

ಮಗನ ಅಲರ್ಜಿ ವಿಷಯ ಯಾರಾದರೂ ಹೇಳುತ್ತೀರಾ? ಬಫೆಯಲ್ಲಿ ಚೀಟಿ ಹಾಕಿರುತ್ತಾರಲ್ಲ, ಅದನ್ನು ಓದಿ ಹಾಕಿಕೊಂಡರೆ ಸಾಕಾ? ಮತ್ತೆ ರಾತ್ರಿ ಕೋಟು ಸೂಟು ಹಾಕಿಕೊಂಡು ಬರಬೇಕಾದ ದಿನ ಇರುತ್ತದಂತೆ, ನಮ್ಮವರು ಅದೊಂದಕ್ಕೆ ಹೆದರಿಕೊಂಡಿದ್ದಾರೆ.

ಎರಡು ಮಕ್ಕಳ ತಾಯಿ:

ನನ್ನ ಚಿಕ್ಕವಳಿಗೆ ಗೋಡಂಬಿ, ವಾಲ್‌ನಟ್ ಆಗುವುದಿಲ್ಲ. ಮೂರು ಸಲ ಕರೆದುಕೊಂಡು ಹೋಗಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಚೀಟಿ ಸಾಲದು. ಚೀಟಿ ಬರೆದವರು ಸರಿಯಾಗಿಯೇ ಬರೆದಿರುತ್ತಾರೆ, ತೊಂದರೆ ಇರುವುದು ನಿಮ್ಮ ಮುಂದೆ ಬಡಿಸಿಕೊಂಡವರಲ್ಲಿ. ಬೀಜ ಇರುವ ಕುಕಿ ತೆಗೆದ ಇಕ್ಕಳದಲ್ಲೇ ಪಕ್ಕದ ಸಾದಾ ಕುಕಿ ತೆಗೆಯುತ್ತಾರೆ. ಸಲಾಡಿನ ಮೇಲೆ ಉದುರಿಸಿಕೊಳ್ಳಲು ಇಟ್ಟ ಬೀಜದ ಬಟ್ಟಲಿನ ಚಮಚ ಪಕ್ಕದ ಬಟ್ಟಲಿಗೆ ಹೋಗಿರುತ್ತದೆ. ಹಾಗಾಗಿ ಸಿಹಿತಿಂಡಿಯ ಕೌಂಟರ್ ಮತ್ತು ಸಲಾಡಿನ ಮೇಲೆ ಹಾಕುವ ಸಾಮಾನು, ಈ ಎರಡನ್ನು ನಾವು ಪೂರ್ತಿ ಬಿಟ್ಟಿದ್ದೆವು. ಸಾಸ್‌ಗಳ ಬಗ್ಗೆಯೂ ಕೇಳದೆ ಹಾಕಿಕೊಳ್ಳಬೇಡಿ, ಕಡಲೆಕಾಯಿ ಕೆಲವು ಸಾಸ್‌ಗಳಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ನೀವು ಇವತ್ತೇ ಮಾಡಬೇಕಾದ ಕೆಲಸ: ಕ್ರೂಸ್ ಕಂಪನಿಗೆ ಅಲರ್ಜಿ ವಿಷಯ ಬರೆದು ಕಳಿಸಿ. ಇಷ್ಟು ವಾರ ಮೊದಲು ತಿಳಿಸಬೇಕು ಎಂದು ಹೆಚ್ಚಿನವರು ನಿಯಮ ಇಟ್ಟಿದ್ದಾರೆ, ಮುಂದಿನ ತಿಂಗಳು ಅಂದರೆ ನಿಮಗೆ ಸಮಯ ಜಾಸ್ತಿ ಇಲ್ಲ. ಹತ್ತಿದ ಮೇಲೆ ಮತ್ತೆ ಬಾಯಲ್ಲಿ ಹೇಳಿ. ಬಫೆಯಲ್ಲಿ ಬಡಿಸುವ ಹುಡುಗರನ್ನು ಕೇಳಬೇಡಿ, ಮೇಲ್ವಿಚಾರಕರನ್ನೋ ಶೆಫ್‌ನನ್ನೋ ಕರೆಯಿರಿ ಎಂದು ಹೇಳಿ. ಒಮ್ಮೆ ಹಾಗೆ ಕೇಳಿದಾಗ ಶೆಫ್ ಕೌಂಟರ್ ಮೇಲಿದ್ದನ್ನು ಕೊಡಲೇ ಇಲ್ಲ, ಒಳಗೆ ಹೋಗಿ ಬೇರೆ ಬಾಣಲೆಯಲ್ಲಿ ಪಾಸ್ತಾ ಮಾಡಿಸಿ ತಂದುಕೊಟ್ಟರು. ಇನ್ನೊಂದು ಸಲ, ಬೇರೆ ಹಡಗಿನಲ್ಲಿ, ಇದರಲ್ಲಿ ಬೀಜ ಇದೆಯಾ ಎಂದರೆ ಬಡಿಸುವವನು ನಗುತ್ತಾ "ಇಲ್ಲ ಇಲ್ಲ" ಎಂದ. ನನಗೆ ಅನುಮಾನ ಬಂತು. ಒಳಗಿನವರನ್ನು ಕೇಳಿದರೆ ಬಾದಾಮಿ ಪುಡಿ ಇತ್ತು. ಆವತ್ತಿನಿಂದ ಬೇಗ ಬರುವ "ಇಲ್ಲ"ವನ್ನು ನಾನು ನಂಬುವುದಿಲ್ಲ.

ರಾತ್ರಿ ಊಟಕ್ಕೆ ಡೈನಿಂಗ್ ರೂಮೇ ನಮಗೆ ನೆಮ್ಮದಿ ಕೊಟ್ಟದ್ದು. ಮುಖ್ಯ ವೇಟರ್ ಹಿಂದಿನ ರಾತ್ರಿಯೇ ಮರುದಿನದ ಮೆನು ತೋರಿಸುತ್ತಾರೆ, ಗುರುತು ಹಾಕಿ ಕೊಟ್ಟರೆ ಬೇರೆಯಾಗಿ ಮಾಡಿಸುತ್ತಾರೆ. ಅಲರ್ಜಿ ಔಷಧಿ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸ್ ರೂಮಿಗೆ ಬರುವುದು ಸಂಜೆಯಾಗಬಹುದು, ಮೊದಲ ಊಟ ಅದಕ್ಕಿಂತ ಮೊದಲೇ ಆಗಿರುತ್ತದೆ.

ಅತ್ತೆಯವರಿಗೆ: ತಟ್ಟೆ ಹಿಡಿದು ಕೋಲು ಹಿಡಿದು ನಡೆಯಬೇಕಿಲ್ಲ. ಯಾವ ಸಿಬ್ಬಂದಿಯನ್ನು ಕೇಳಿದರೂ ತಟ್ಟೆ ಟೇಬಲ್‌ವರೆಗೆ ತಂದು ಕೊಡುತ್ತಾರೆ, ಸಂಕೋಚ ಬೇಡ. ಮೊದಲು ಅವರನ್ನು ಕೂರಿಸಿ, ಆಮೇಲೆ ನೀವು ಹೋಗಿ. ಜಾಗ ಹಿಡಿದ ಹಾಗೂ ಆಗುತ್ತದೆ. ಟ್ರೇ ಎಷ್ಟೋ ಹಡಗಿನಲ್ಲಿ ತೆಗೆದುಬಿಟ್ಟಿದ್ದಾರೆ, ಒಬ್ಬರೇ ನಾಲ್ಕು ಜನರದ್ದು ತರುತ್ತೇನೆ ಎಂದುಕೊಂಡರೆ ಆಗುವುದಿಲ್ಲ. ಸಮುದ್ರ ಜೋರಾಗಿದ್ದ ದಿನ ಮೇಲಿನ ಡೆಕ್ ಜಾಸ್ತಿ ತೂಗುತ್ತದೆ, ಆವತ್ತು ಬಿಸಿ ಸೂಪ್ ಬಟ್ಟಲು ಹಿಡಿದು ನಡೆಯುವ ಸಾಹಸ ಯಾರೂ ಮಾಡಬೇಡಿ. ಕೆಳಗಿನ ಡೆಕ್‌ನಲ್ಲಿ ಹಡಗಿನ ನಡುಭಾಗದಲ್ಲಿ ಕೂರುವುದು ಒಳ್ಳೆಯದು, ಇಲ್ಲವೇ ರೂಮಿಗೇ ತರಿಸಿಕೊಳ್ಳಿ.

ಕೂತು ತಿನ್ನುವವ:

ಕೋಟಿನ ವಿಷಯಕ್ಕೆ ಮಾತ್ರ ನಾನು ಸೋಲೊಪ್ಪಿಕೊಳ್ಳುತ್ತೇನೆ. ಆ ದಿನ ಡೈನಿಂಗ್ ರೂಮಿನಲ್ಲಿ ಜನ ಚೆನ್ನಾಗಿ ಅಲಂಕಾರ ಮಾಡಿಕೊಂಡು ಬರುತ್ತಾರೆ, ಬಫೆಯಲ್ಲಿ ಯಾರೂ ಕೇಳುವುದಿಲ್ಲ. ಮಾಮೂಲಿ ಶರ್ಟು ಪ್ಯಾಂಟು ಸಾಕು. ನಿಮ್ಮವರನ್ನು ಮತ್ತು ಲಿಡೋವಾಸಿಯನ್ನು ಆವತ್ತು ಮೇಲೆ ಕಳಿಸಿ. ಈಜುಡುಗೆಯಲ್ಲಿ ನೀರು ಸೋರಿಸಿಕೊಂಡು, ಬರಿಗಾಲಲ್ಲಿ ಮಾತ್ರ ಒಳಗೆ ಬಿಡುವುದಿಲ್ಲ, ಮಗನಿಗೆ ಮೊದಲೇ ಹೇಳಿಡಿ.

ಸಪ್ಪೆ ನಾಲಿಗೆ:

ಎಲ್ಲರೂ ಹೊಗಳಿದ್ದಾಯಿತು, ನಾನು ಸ್ವಲ್ಪ ಕಹಿ ಹೇಳುತ್ತೇನೆ. ಬಫೆ ಊಟ ಚೆನ್ನಾಗಿರುತ್ತದೆ, ಆದರೆ ನೆನಪಿನಲ್ಲಿ ಉಳಿಯುವಷ್ಟು ಚೆನ್ನಾಗಿರುವುದಿಲ್ಲ. ಸಾವಿರಾರು ಜನರಿಗೆ, ಎಲ್ಲ ದೇಶದವರಿಗೂ ಹಿಡಿಸಲಿ ಎಂದು ಮಾಡಿದ್ದು, ಹಾಗಾಗಿ ಖಾರ, ಹುಳಿ, ಉಪ್ಪು ಎಲ್ಲ ನಡುಮಧ್ಯೆ. ನಾಲ್ಕನೇ ದಿನದ ಹೊತ್ತಿಗೆ ನೋಡಿದ್ದನ್ನೇ ನೋಡಿದ ಹಾಗೆ ಆಗುತ್ತದೆ. ಬೆಳಗಿನ ತಿಂಡಿಯಂತೂ ದಿನಾ ಅದೇ. ಮಾಂಸ ತಿನ್ನದವರು ಇನ್ನೂ ಹುಷಾರಾಗಿರಬೇಕು. ತರಕಾರಿ ಸೂಪ್ ಎಂದು ಬರೆದಿರುತ್ತದೆ, ಬೇಯಿಸಿದ್ದು ಕೋಳಿ ನೀರಿನಲ್ಲಿ. ಹುರುಳಿಕಾಯಿ ಪಲ್ಯದ ಥರ ಕಾಣುತ್ತದೆ, ಒಳಗೆ ಬೇಕನ್ ಚೂರು. ಅತ್ತೆಯವರಿಗೆ ಮೊಟ್ಟೆಯೂ ಆಗದು ಅಂದರೆ ಕೇಕು, ಪುಡ್ಡಿಂಗ್ ಎಲ್ಲ ಕೇಳಿಯೇ ಕೊಡಿ.

ಇನ್ನು ಹಳೆಯ ಫೋಟೋಗಳಲ್ಲಿ ಇರುವ ಮಧ್ಯರಾತ್ರಿಯ ಬಫೆ, ಐಸಿನಲ್ಲಿ ಕೆತ್ತಿದ ಹಂಸ, ಕಲ್ಲಂಗಡಿಯ ಹೂವು, ಅದನ್ನೆಲ್ಲ ಹೆಚ್ಚಿನ ಕಡೆ ನಿಲ್ಲಿಸಿದ್ದಾರೆ. ಬಫೆ 24 ಗಂಟೆ ತೆರೆದಿರುತ್ತದೆ ಎನ್ನುವುದೂ ಎಷ್ಟೋ ಹಡಗಿನಲ್ಲಿ ಸುಳ್ಳು. ಮಧ್ಯಾಹ್ನದ ಊಟ ಮುಗಿಸಿ ಮುಚ್ಚುತ್ತಾರೆ, ಸಂಜೆ ತೆರೆಯುತ್ತಾರೆ. ಆ ನಡುವೆ ಹಸಿವಾದರೆ ಈಜುಕೊಳದ ಪಕ್ಕ ಪಿಜ್ಜಾ ಬರ್ಗರ್ ಸಿಗುತ್ತದೆ. ಸಮಯ ಹಡಗಿನ ಆಪ್‌ನಲ್ಲಿ ದಿನಾ ನೋಡಿಕೊಳ್ಳಿ.

ನನಗೆ ನಿಜವಾಗಿ ಬೇಜಾರಾಗುವುದು ಮಾತ್ರ ಬೇರೆ. ತುಂಬಿದ ತಟ್ಟೆ, ಎರಡು ತುತ್ತು ತಿಂದು ಎದ್ದು ಹೋಗುತ್ತಾರೆ. ಅಷ್ಟೂ ಎಲ್ಲಿ ಹೋಗುತ್ತದೆ?

ತಟ್ಟೆ ತೊಳೆದವ:

@ಸಪ್ಪೆ ನಾಲಿಗೆ, ನೀವು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇದೆ, ಎರಡು ವರ್ಷ ಅದನ್ನೇ ನೋಡಿದ್ದೇನೆ. ತಟ್ಟೆಯಲ್ಲಿ ಉಳಿದದ್ದನ್ನು ಮೊದಲು ಬೇರ್ಪಡಿಸುತ್ತೇವೆ. ಕಾಗದ, ಪ್ಲಾಸ್ಟಿಕ್, ಮೂಳೆ ಬೇರೆ. ಉಳಿದದ್ದು ನುರಿಸುವ ಯಂತ್ರಕ್ಕೆ. ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ನಿಯಮ ಇದೆ, ಆಹಾರವನ್ನು 25 ಮಿಲಿಮೀಟರ್ ತೂತಿನ ಜರಡಿಯಲ್ಲಿ ಇಳಿಯುವಷ್ಟು ನುರಿಸಿದ್ದರೆ ದಡದಿಂದ 3 ನಾಟಿಕಲ್ ಮೈಲಿ ಆಚೆ ಸಮುದ್ರಕ್ಕೆ ಬಿಡಬಹುದು, ನುರಿಸದಿದ್ದರೆ 12 ಮೈಲಿ ಆಚೆ. ಮೆಡಿಟರೇನಿಯನ್, ಕೆರಿಬಿಯನ್‌ನಂಥ ವಿಶೇಷ ಪ್ರದೇಶಗಳಲ್ಲಿ ನುರಿಸಿದ್ದಕ್ಕೂ 12 ಮೈಲಿ. ಈಗ ಎಷ್ಟೋ ಹಡಗುಗಳಲ್ಲಿ ಸೂಕ್ಷ್ಮಜೀವಿಗಳಿಂದ ಕರಗಿಸುವ ಯಂತ್ರವೂ ಇದೆ. ಮುಟ್ಟದೆ ಉಳಿದದ್ದೂ ಕೌಂಟರ್‌ನಿಂದ ಇಳಿದ ಮೇಲೆ ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ. ಮೊದಲ ವಾರ ನನಗೆ ಊಟ ಸೇರಿರಲಿಲ್ಲ. ಆಮೇಲೆ ಅಭ್ಯಾಸ ಆಯಿತು, ಆಗಬಾರದಿತ್ತು.

ಇನ್ನೊಂದು ನೆನಪಾಯಿತು. ಬಫೆಯಿಂದ ಬಾಳೆಹಣ್ಣು, ಸ್ಯಾಂಡ್‌ವಿಚ್ ಚೀಲಕ್ಕೆ ಹಾಕಿಕೊಂಡು ದಡಕ್ಕೆ ಇಳಿಯಬೇಡಿ. ರೂಮಿಗೆ ತೆಗೆದುಕೊಂಡು ಹೋದರೆ ಯಾರೂ ಏನೂ ಅನ್ನುವುದಿಲ್ಲ. ದಡದ ಲೆಕ್ಕ ಬೇರೆ. ಹಣ್ಣು, ತರಕಾರಿ, ಮಾಂಸದ ಜೊತೆ ಕೀಟ, ರೋಗ ಬರುತ್ತದೆ ಎಂದು ಬಹಳ ದೇಶಗಳು ತಡೆಯುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಒಂದು ಸೇಬಿಗೂ ದಂಡ ಹಾಕುತ್ತಾರೆ, ನಾಯಿ ಬಿಟ್ಟು ಮೂಸಿಸುತ್ತಾರೆ.

ಲಿಡೋವಾಸಿ:

ಒಂದು ಸಣ್ಣ ವಿಷಯ ಬಿಟ್ಟುಹೋಯಿತು. ಎರಡನೇ ಸಲ ಬಡಿಸಿಕೊಳ್ಳಲು ಎಲ್ಲರೂ ಒಟ್ಟಿಗೆ ಎದ್ದು ಹೋಗಬೇಡಿ. ಟೇಬಲ್ ಒರೆಸುವವರ ಕೈ ಅಷ್ಟು ಚುರುಕು, ಅರ್ಧ ಕುಡಿದ ಕಾಫಿಯೂ ಮಾಯ, ಜಾಗದಲ್ಲಿ ಬೇರೆ ಮನೆಯವರು ಕೂತಿರುತ್ತಾರೆ. ಆದರೆ ಬೆಳಗ್ಗೆಯೇ ಪುಸ್ತಕ ಇಟ್ಟು ಜಾಗ ಹಿಡಿದು ಎರಡು ಗಂಟೆ ನಾಪತ್ತೆಯಾಗುವವರ ಥರವೂ ಆಗಬೇಡಿ. ಅವರ ಮೇಲೆ ನನಗೆ ಇರುವ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ.

ಮೊದಲಸಲದವಳು:

ಅಲರ್ಜಿ ಫಾರ್ಮ್ ಈಗಷ್ಟೇ ಕಳಿಸಿದೆ. ರಾತ್ರಿ ಡೈನಿಂಗ್ ರೂಂ, ಬೆಳಗ್ಗೆ ಮಧ್ಯಾಹ್ನ ಬಫೆ ಎಂದು ಮನೆಯಲ್ಲಿ ತೀರ್ಮಾನ ಆಯಿತು, ಕೋಟಿನ ದಿನ ಒಂದು ಬಿಟ್ಟು. ನಮ್ಮವರ ಮುಖದಲ್ಲಿ ಕಳೆ ಬಂದಿದೆ. ಅತ್ತೆಯದು ಕೊನೆಯ ಪ್ರಶ್ನೆ, ಕೇಳದೆ ಬಿಡಬೇಡ ಎಂದಿದ್ದಾರೆ: ಮೊಸರು ಸಿಗುತ್ತದಾ?

ಎರಡು ಮಕ್ಕಳ ತಾಯಿ:

ಸಿಗುತ್ತದೆ, ಬೆಳಗಿನ ತಿಂಡಿಯ ಹೊತ್ತಿಗೆ ಹಣ್ಣಿನ ಕೌಂಟರ್ ಪಕ್ಕ ನೋಡಿ. ಮುಂದೆ ಇಟ್ಟಿರುವುದು ಹೆಚ್ಚಾಗಿ ಸ್ಟ್ರಾಬೆರಿ ಹಾಕಿದ ಸಿಹಿ ಮೊಸರು, ಅದನ್ನು ನೋಡಿ ಅತ್ತೆಯವರು ಬೇಜಾರಾಗುವುದು ಬೇಡ, "ಪ್ಲೇನ್" ಎಂದು ಕೇಳಿ. ಮಧ್ಯಾಹ್ನಕ್ಕೂ ಬೇಕಿದ್ದರೆ ಬೆಳಗ್ಗೆಯೇ ಒಂದು ಬಟ್ಟಲು ರೂಮಿನ ಫ್ರಿಜ್‌ನಲ್ಲಿ ಇಟ್ಟುಕೊಳ್ಳಿ, ಅದು ಸರಿಯಾಗಿ ತಣ್ಣಗಿದೆಯಾ ನೋಡಿಕೊಂಡು.